ವಿರಳತೆಯೂ ರಸಿಕತೆಯೂ

ವಸ್ತುವೊಂದು ಅಪೂರ್ವವಾದ ಮಾತ್ರಕ್ಕೆ ಶ್ರೇಷ್ಠವಾಗುವುದೇ? ನಾಣ್ಯ, ಅಂಚೆಚೀಟಿಗಳ ಸಂಗ್ರಾಹಕರನ್ನು ಹೀಗೆ ಕೇಳಿ ಫಲವಿಲ್ಲ. ಅವರಿಗೆ ವಿರಳತೆಯೇ ಸರ್ವಸ್ವ. ಹಾಡಿನ ತಟ್ಟೆಯ ಮಾತು ಬೇರೆ. ಅದು ನಾಲ್ವರ ಕಿವಿಗೆ ಬೀಳಲೆಂದೇ ಹುಟ್ಟಿದುದು.

ಅಮೆರಿಕದ ಆರ್‌ಸಿಎ ವಿಕ್ಟರ್ ಸಂಸ್ಥೆಯವರು 1949ರಲ್ಲಿ ನಿಮಿಷಕ್ಕೆ 45 ಸುತ್ತು ತಿರುಗುವ, 7 ಅಂಗುಲ ವ್ಯಾಸದ ತಟ್ಟೆಯನ್ನು ಹೊರತಂದರು. ಪಕ್ಕಕ್ಕೊಂದು ಹಾಡು. ಮುಂದೆ ರಾಕ್ ಅಂಡ್ ರೋಲ್ ಸಂಗೀತವು ಅಲ್ಲಿಯ ತರುಣರ ಮನಸ್ಸನ್ನು ಸೆರೆಹಿಡಿದಾಗ ಈ ಪುಟ್ಟ ತಟ್ಟೆಯೇ ಅದಕ್ಕೆ ವಾಹನವಾಯಿತು. ಅಲ್ಪ ಬಂಡವಾಳದ ಎಷ್ಟೋ ಕಂಪೆನಿಗಳು ತಲೆಯೆತ್ತಿ, ಹೆಸರಿಲ್ಲದ ಗಾಯಕರ ಹಾಡುಗಳನ್ನು ಕೆಲವು ನೂರು ಪ್ರತಿಗಳಷ್ಟೇ ಅಚ್ಚೊತ್ತಿ ಮುಳುಗಿಹೋದುದುಂಟು. ರೇಡಿಯೋದಲ್ಲಿ ಸ್ಥಳ ದೊರೆಯದೆ, ಅಂಗಡಿಗಳಿಗೆ ಸಾಗಿಸುವವರಿಲ್ಲದೆ ಆ ಹಾಡುಗಳು ಅಜ್ಞಾತವಾದವು. ಆದುದರಿಂದ ಅವುಗಳ ವಿರಳತೆಯು ಗುಣಕ್ಕೂ ಸಾಕ್ಷಿಯಲ್ಲ, ದೋಷಕ್ಕೂ ಸಾಕ್ಷಿಯಲ್ಲ. ಬಹುಮಟ್ಟಿಗೆ ಅದು ವ್ಯಾಪಾರದ ಸೋಲು. ಇಂದು ಸಂಗ್ರಾಹಕರು ದೊಡ್ಡ ಬೆಲೆ ತೆತ್ತು ಕೊಳ್ಳುತ್ತಿರುವುದರಲ್ಲಿ ಈ ಸೋಲಿನ ಪಾಲೆಷ್ಟು, ಹಾಡಿನ ಪಾಲೆಷ್ಟು?

ಇದರ ಸೋದರ ಸಂಗೀತವೆನ್ನಬಹುದಾದ ಸೋಲ್ ಹಾಡುಗಳ ಚರಿತ್ರೆಯಲ್ಲಿ ಒಂದು ವಿಚಿತ್ರವಾದ ವಾಡಿಕೆಯುಂಟು. 1970ರ ದಶಕದಲ್ಲಿ ಉತ್ತರ ಇಂಗ್ಲೆಂಡಿನ ನೃತ್ಯಶಾಲೆಗಳಲ್ಲಿ ತಟ್ಟೆ ನುಡಿಸುವವರು ತಮ್ಮ ಅಪರೂಪದ ತಟ್ಟೆಯ ಮೇಲಿನ ಚೀಟಿಯನ್ನು ಮರೆಮಾಡಿ, ಹಾಡಿಗೂ ಹಾಡಿದವನಿಗೂ ಸುಳ್ಳು ಹೆಸರುಗಳನ್ನು ಕಟ್ಟುತ್ತಿದ್ದರು. ಪ್ರತಿಸ್ಪರ್ಧಿಗಳು ಅದನ್ನು ಪತ್ತೆಹಚ್ಚಬಾರದೆಂಬುದೇ ಉದ್ದೇಶ. ಹಾಡನ್ನು ಮೆಚ್ಚಿದವನೇ ಹಾಡಿದವನ ಹೆಸರನ್ನು ಅಳಿಸುವುದು! ಇದನ್ನು ಕಳ್ಳತನವೆನ್ನಲು ನಾಲಗೆ ಹಿಂಜರಿಯಬಹುದು, ರಸಿಕತೆಯೆನ್ನಲಂತೂ ಸಾಧ್ಯವಿಲ್ಲ. ನಮ್ಮಲ್ಲಿಯೂ ಓಲೆಗರಿಗಳನ್ನು ವಿದ್ವಾಂಸರ ಕಣ್ಣಿಗೂ ಬೀಳಿಸದೆ ಗೆದ್ದಲಿಗೆ ಒಪ್ಪಿಸಿದ ಮನೆತನಗಳಿಲ್ಲವೆ?

ಹಾಗೆಂದು ಸಂಗ್ರಾಹಕನನ್ನು ನಿಧಿ ಕಾಯುವ ಸರ್ಪವೆಂದು ಜರೆದು ಮುಗಿಸುವಂತಿಲ್ಲ. ಕಸದ ರಾಶಿಗೆ ಹೋಗಬೇಕಾಗಿದ್ದ ತಟ್ಟೆಯನ್ನು ಉಳಿಸಿದವನು ಅವನೇ. ಹಾಡು ಮರುಮುದ್ರಣದಲ್ಲಿ ಅಗ್ಗವಾಗಿ ದೊರೆಯುವಾಗಲೂ ಮೊದಲಿನ ಪ್ರತಿಯೇ ಬೇಕೆಂಬ ಹಂಬಲವನ್ನು ಹುಚ್ಚೆನ್ನುವವರುಂಟು. ನಾನು ಹಾಗೆನ್ನಲಾರೆ, ಅಜ್ಜನ ಕೈಬರಹದ ಭಾರತವನ್ನು, ಅಚ್ಚಿನ ಪ್ರತಿ ಬಂದಿತೆಂದು ಯಾರೂ ಒಲೆಗೆ ಹಾಕುವುದಿಲ್ಲ.

ವೆಸ್ಟ್ ವರ್ಜೀನಿಯಾದ ಬೂನ್ ಕೌಂಟಿಯಲ್ಲಿ ಹೇಸಲ್ ಆಡ್ಕಿನ್ಸ್ ಎಂಬ ಗಾಯಕನಿದ್ದನು. ಗಿಟಾರು, ಡೋಲು, ಹಾಡು ಎಲ್ಲವೂ ಅವನೊಬ್ಬನದೇ. ರೇಡಿಯೋದಲ್ಲಿ ಒಬ್ಬನ ಹೆಸರನ್ನೇ ಕೇಳಿ, ಸಕಲ ವಾದ್ಯಗಳನ್ನೂ ಅವನೇ ನುಡಿಸುತ್ತಿರಬೇಕೆಂದು ಬಾಲ್ಯದಲ್ಲಿ ನಂಬಿದ್ದನಂತೆ! ಮನೆಯಲ್ಲಿಯೇ ಮುದ್ರಿಸಿಕೊಂಡ ಅವನ ಒರಟು ಹಾಡುಗಳಲ್ಲಿ ಕೆಲವು ಮಾತ್ರ ಸಣ್ಣ ತಟ್ಟೆಗಳಾಗಿ ಬಂದು, ಬಹುಕಾಲ ಕೆಲವೇ ಸಂಗ್ರಾಹಕರ ಸೊತ್ತಾಗಿದ್ದವು. ಆದರೆ ಅವನನ್ನು ಮೆಚ್ಚಿದ ಬಿಲ್ಲಿ ಮಿಲ್ಲರ್, ಮಿರಿಯಮ್ ಲಿನ್ನಾ ಎಂಬ ಸಂಗ್ರಾಹಕ ದಂಪತಿಗಳು 1986ರಲ್ಲಿ ನ್ಯೂಯಾರ್ಕಿನಲ್ಲಿ ನಾರ್ಟನ್ ರೆಕಾರ್ಡ್ಸ್ ಎಂಬ ಸಂಸ್ಥೆಯನ್ನು ಸ್ಥಾಪಿಸಿ, ಅವನ ಹಾಡುಗಳನ್ನೇ ಮೊದಲು ಪ್ರಕಟಿಸಿದರು. ತಮ್ಮಲ್ಲಿದ್ದುದರ ವಿರಳತೆಯನ್ನು ತಾವೇ ಕಳೆದರು. ಆಡ್ಕಿನ್ಸನು 2005ರಲ್ಲಿ ತೀರಿಕೊಳ್ಳುವ ಮೊದಲು ತನ್ನ ಹಾಡಿಗೆ ದೂರದ ಕೇಳುಗರು ಹುಟ್ಟಿದುದನ್ನು ಕಂಡನು.

2012ರಲ್ಲಿ ಸ್ಯಾಂಡಿ ಚಂಡಮಾರುತವು ಬ್ರೂಕ್ಲಿನ್ನಿನ ರೆಡ್ ಹುಕ್ಕಿನಲ್ಲಿದ್ದ ಆ ಸಂಸ್ಥೆಯ ಉಗ್ರಾಣಕ್ಕೆ ಸಮುದ್ರದ ನೀರನ್ನು ನುಗ್ಗಿಸಿತು. ಆಗ ಕೇಳುಗರೂ ಗೆಳೆಯರೂ ಕೂಲಿಯಿಲ್ಲದೆ ಬಂದು, ನೆನೆದ ತಟ್ಟೆಗಳನ್ನು ತೊಳೆದು ಒಣಗಲಿಟ್ಟರು.