ಬೀಳುವುದು ನಿಯಮ, ತಳ್ಳುವುದು?

ಪದವಿಯ ಮೊದಲ ವರ್ಷದವರಿಗೆ ವಿಕಾಸವಾದ, ಪರಿಸರ ವಿಜ್ಞಾನ, ಪ್ರಾಣಿಗಳ ವರ್ತನೆ ಈ ಮೂರನ್ನೂ ಪಾಠ ಮಾಡುವಾಗ ಸಾಗರ, ಹೊಸನಗರ ಕಡೆಯ ಹುಡುಗ ಹುಡುಗಿಯರಿಂದ ನನಗೆ ತಪ್ಪದೆ ಎದುರಾಗುವ ಪ್ರಶ್ನೆಯೊಂದಿದೆ. ಹೊಂದಿಕೊಂಡದ್ದು ಉಳಿಯುತ್ತದೆ, ಹೊಂದಿಕೊಳ್ಳಲಾರದ್ದು ಅಳಿಯುತ್ತದೆ ಎಂಬುದು ಪ್ರಕೃತಿಯ ನಿಯಮವಾದರೆ, ಸಿಂಗಳೀಕವನ್ನು ಉಳಿಸಲು ನಾವೇಕೆ ಒದ್ದಾಡಬೇಕು? ಕೇಳುವವರಲ್ಲಿ ಹೆಚ್ಚಿನವರು ಅಡಿಕೆ ತೋಟದ ಮನೆಗಳಿಂದ ಬಂದವರು. ಮಂಗಗಳ ಹಿಂಡು ಒಂದೇ ಬೆಳಗಿನಲ್ಲಿ ಬಾಳೆಗೊನೆ, ಎಳೆ ಅಡಿಕೆ ಎಲ್ಲವನ್ನೂ ಹಾಳುಮಾಡಿ ಹೋದದ್ದನ್ನು ಕಂಡವರು. ಹಾಗಾಗಿ ಇದನ್ನು ಬರಿಯ ತರ್ಕವೆಂದು ತಳ್ಳಿಹಾಕುವಂತಿಲ್ಲ.

ತೋಟಕ್ಕೆ ನುಗ್ಗುವ ಮಂಗ, ಕಾಡಿನಲ್ಲೇ ಉಳಿಯುವ ಸಿಂಗಳೀಕ ಎರಡೂ ಶರಾವತಿ ಕಣಿವೆಯಲ್ಲಿವೆ. ಒಂದೇ ಕುಲದ, ಬೇರೆ ಬೇರೆ ಕವಲಿನ ಪ್ರಾಣಿಗಳು. ಸಿಂಗಳೀಕದ ಹತ್ತಿರದ ನೆಂಟರೆಲ್ಲ ಆಗ್ನೇಯ ಏಷ್ಯಾದಲ್ಲಿದ್ದಾರೆ; ಅದು ಮಾತ್ರ ಪಶ್ಚಿಮ ಘಟ್ಟ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. ಅದರ ಬದುಕು ಮರದ ಮೇಲಿನದು. ಕೊಂಬೆಗೆ ಕೊಂಬೆ ತಾಗುವ ನಿತ್ಯಹರಿದ್ವರ್ಣ ಕಾಡು ಬೇಕು, ವರ್ಷವಿಡೀ ಒಂದಲ್ಲ ಒಂದು ಹಣ್ಣು ಸಿಗಬೇಕು. ಹೆಣ್ಣು ಮೊದಲ ಮರಿ ಹಾಕುವುದೇ ಆರು ವರ್ಷದ ಆಸುಪಾಸಿನಲ್ಲಿ. ಮುಂದಿನದಕ್ಕೆ ಮತ್ತೆರಡು ಮೂರು ವರ್ಷ. ಮಂಗ ಹಾಗಲ್ಲ. ನೆಲಕ್ಕಿಳಿಯುತ್ತದೆ, ಸಿಕ್ಕಿದ್ದು ತಿನ್ನುತ್ತದೆ, ಬೇಗ ಮರಿ ಹಾಕುತ್ತದೆ, ಪ್ರವಾಸಿಗರ ಕೈಯ ಪೊಟ್ಟಣ ಕಸಿಯಲೂ ಕಲಿಯುತ್ತದೆ.

ಹಾಗಾದರೆ ಮಂಗ ಯೋಗ್ಯ, ಸಿಂಗಳೀಕ ಅಯೋಗ್ಯವೇ? ‘ಯೋಗ್ಯತಮದ ಉಳಿವು’ ಎಂಬ ಮಾತು ಮೂಲತಃ ಡಾರ್ವಿನ್‌ನದ್ದಲ್ಲ. 1864ರಲ್ಲಿ ಹರ್ಬರ್ಟ್ ಸ್ಪೆನ್ಸರ್ ಅದನ್ನು ಬಳಸಿದ. ಡಾರ್ವಿನ್ ತನ್ನ ಪುಸ್ತಕದ 1869ರ ಆವೃತ್ತಿಗೆ ಸೇರಿಸಿಕೊಂಡ. ಅಂದಿನಿಂದ ಜನರ ಕಿವಿಗೆ ಅದು ಬಹುಮಾನದ ಘೋಷಣೆಯ ಹಾಗೆ ಕೇಳಿಸುತ್ತಿದೆ. ಜೀವವಿಜ್ಞಾನದಲ್ಲಿ ಯೋಗ್ಯತೆ ಎಂದರೆ ಇಂಥ ಜಾಗದಲ್ಲಿ, ಇಂಥ ಕಾಲದಲ್ಲಿ ಒಂದು ಜೀವಿ ಎಷ್ಟು ಸಂತಾನವನ್ನು ಉಳಿಸಿಹೋಗುತ್ತದೆ ಎಂಬ ಲೆಕ್ಕ, ಅಷ್ಟೆ. ಜಾಗ ಬದಲಾದರೆ ಲೆಕ್ಕವೂ ಬದಲಾಗುತ್ತದೆ. ತೆರಪಿಲ್ಲದ ಕಾಡಿನ ನೆತ್ತಿಯಲ್ಲಿ ಬಾಳಲು ಸಿಂಗಳೀಕಕ್ಕೆ ಯಾವ ಕೊರತೆಯೂ ಇರಲಿಲ್ಲ.

ಜಾಗವನ್ನು ಬದಲಾಯಿಸಿದ್ದು ನಾವು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಕಣಿವೆ ಮುಳುಗಿತು. ರಸ್ತೆ, ವಿದ್ಯುತ್ ಮಾರ್ಗ, ನೆಡುತೋಪುಗಳು ಉಳಿದ ಕಾಡನ್ನು ತುಂಡರಿಸಿದವು. ಇಷ್ಟು ನಿಧಾನವಾಗಿ ಮರಿ ಹಾಕುವ ಪ್ರಾಣಿಗೆ ಆರು ದಶಕವೆಂದರೆ ಕೆಲವೇ ತಲೆಮಾರು. ಹೊಸ ಮೈ, ಹೊಸ ನಡತೆ ವಿಕಾಸವಾಗಲು ಅದು ಸಾಲದು. ಜೋಗದ ಗುಂಡಿ 253 ಮೀಟರ್ ಆಳ. ಅದರ ಅಂಚಿನಲ್ಲಿ ನಿಂತವನೊಬ್ಬನನ್ನು ಹಿಂದಿನಿಂದ ತಳ್ಳಿ, ‘ಅವನು ಬಿದ್ದದ್ದು ಗುರುತ್ವಾಕರ್ಷಣೆಯ ನಿಯಮದಿಂದ’ ಎಂದರೆ ಭೌತವಿಜ್ಞಾನ ಅದನ್ನು ಅಲ್ಲಗಳೆಯುವುದಿಲ್ಲ. ನ್ಯಾಯಾಲಯ ಮಾತ್ರ ತಳ್ಳಿದ ಕೈಯನ್ನು ಹುಡುಕುತ್ತದೆ. ನಿಯಮ ಏನಾಗುತ್ತದೆ ಎಂದು ಹೇಳುತ್ತದೆ. ಮಾಡಲು ಅಪ್ಪಣೆ ಕೊಡುವುದಿಲ್ಲ.

ಜಾಣ ವಿದ್ಯಾರ್ಥಿ ಇಲ್ಲಿಗೆ ಬಿಡುವುದಿಲ್ಲ. ಮನುಷ್ಯನೂ ಪ್ರಾಣಿಯೇ ತಾನೆ? ಗೆದ್ದಲು ಹುತ್ತ ಕಟ್ಟಿದ ಹಾಗೆ ನಾವು ಅಣೆಕಟ್ಟು ಕಟ್ಟುತ್ತೇವೆ, ಅದೂ ಸಹಜವೇ. ಈ ವಾದಕ್ಕೆ ಉತ್ತರ ಕೊಡಲು ನಾನು ಧಾರವಾಡದ ಮುಸುವಗಳ ಕಡೆಗೆ ಹೋಗುತ್ತೇನೆ. 1960ರ ದಶಕದ ಆರಂಭದಲ್ಲಿ ಜಪಾನಿನ ಯುಕಿಮಾರು ಸುಗಿಯಾಮ ಅಲ್ಲಿನ ಕಾಡಿನಲ್ಲಿ ಮುಸುವಗಳನ್ನು ಅಧ್ಯಯನ ಮಾಡಿದ. ಹಿಂಡನ್ನು ಗೆದ್ದುಕೊಂಡ ಹೊಸ ಗಂಡು ಹಳೆಯ ಗಂಡಿನ ಮರಿಗಳನ್ನು ಕೊಲ್ಲುವುದು ಅವನ ಗಮನಕ್ಕೆ ಬಂತು. ಮರಿ ಸತ್ತ ತಾಯಿ ಬೇಗ ಬೆದೆಗೆ ಬರುತ್ತಾಳೆ, ಹೊಸ ಗಂಡಿನ ಸಂತಾನ ಬೇಗ ಹುಟ್ಟುತ್ತದೆ ಎಂಬ ವಿವರಣೆಯನ್ನು ಅಮೆರಿಕದ ಸಾರಾ ಹರ್ಡಿ 1970ರ ದಶಕದಲ್ಲಿ ಬೆಳೆಸಿದಳು. ಆ ಗಂಡನ್ನು ನಾವು ಕೊಲೆಗಾರ ಎನ್ನುವುದಿಲ್ಲ. ಅದನ್ನು ಮಾದರಿ ಎಂದೂ ಒಪ್ಪುವುದಿಲ್ಲ. ‘ಹೀಗೆ ಮಾಡದಿರಬಹುದಿತ್ತೆ?’ ಎಂದು ಕೇಳಿಕೊಳ್ಳುವ ದಾರಿ ಮುಸುವಕ್ಕಿಲ್ಲ. ನಮಗಿದೆ. ಆ ಪ್ರಶ್ನೆ ನಮ್ಮಲ್ಲಿ ಹುಟ್ಟಿದ್ದೂ ವಿಕಾಸದಿಂದಲೇ ಇರಬಹುದು. ಹುಟ್ಟಿದ ಮೇಲೆ ಅದು ಇಲ್ಲವೆಂದು ನಟಿಸುವುದು ಮಾತ್ರ ಪ್ರಾಮಾಣಿಕವಲ್ಲ.

ಹಾಗೆಂದು ಸಿಂಗಳೀಕ ನಿಧಿ, ಮಂಗ ಪೀಡೆ ಎಂಬ ಸುಲಭದ ವಿಂಗಡಣೆಯೂ ನನಗೆ ಒಪ್ಪಿಗೆಯಿಲ್ಲ. ನಮ್ಮ ತೋಟದ ಮಂಗವೂ ದಕ್ಷಿಣ ಭಾರತ ಬಿಟ್ಟರೆ ಬೇರೆಲ್ಲೂ ಇಲ್ಲದ ಪ್ರಾಣಿ. ಉತ್ತರದ ಕೋತಿಗಳು ದಕ್ಷಿಣಕ್ಕೆ ಹರಡುತ್ತಾ ಅದನ್ನು ಒತ್ತರಿಸುತ್ತಿವೆ. ಇನ್ನು ಕಾಡು ತುಂಡಾದ ತಮಿಳುನಾಡಿನ ವಾಲ್ಪಾರೈಯಲ್ಲಿ ಸಿಂಗಳೀಕಗಳೇ ನೆಲಕ್ಕಿಳಿದಿವೆ, ರಸ್ತೆ ದಾಟುತ್ತವೆ, ಮನೆಗಳಿಗೂ ನುಗ್ಗುತ್ತವೆ. ನಿಧಿಯನ್ನು ಪೀಡೆಯಾಗಿಸುವುದು ಪ್ರಾಣಿಯ ಗುಣಕ್ಕಿಂತ ಹೆಚ್ಚಾಗಿ ಕಾಡಿನ ಸ್ಥಿತಿ. ನಾವು ಹೆಸರಿಡುವ ರೀತಿಯೂ ವಿಚಿತ್ರ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ, 2019ರಲ್ಲಿ ಸಾಗರದ ಅರಳಗೋಡಿನಲ್ಲಿ ಜೀವಗಳನ್ನು ಬಲಿ ತೆಗೆದುಕೊಂಡ ಜ್ವರವನ್ನು ಮಂಗನ ಕಾಯಿಲೆ ಎನ್ನುತ್ತೇವೆ. ಹರಡುವುದು ಉಣುಗು, ಮೊದಲು ಸಾಯುವುದು ಮಂಗ.

ಸಿಂಗಳೀಕವನ್ನು ಉಳಿಸಬೇಕು ಎಂದು ನಾನು ನಂಬುತ್ತೇನೆ. ಆದರೆ ಕರ್ತವ್ಯ ಯಾರದೆಂದು ಹೇಳದೆ ಬರಿದೇ ‘ಉಳಿಸಬೇಕು’ ಎನ್ನುವುದು ಅರ್ಧ ಮಾತು. ಕಣಿವೆ ಮುಳುಗಿದಾಗ ಬೆಳಕು ನಾಡಿಗೆಲ್ಲ ಹೋಯಿತು. ಮನೆ ಬಿಟ್ಟವರು ಇಲ್ಲಿನವರು, ಅವರಲ್ಲಿ ಎಷ್ಟೋ ಕುಟುಂಬಗಳು ಇಂದಿಗೂ ಭೂಮಿಯ ಹಕ್ಕಿಗಾಗಿ ಅಲೆಯುತ್ತಿವೆ. 2019ರಲ್ಲಿ ಇದೇ ಕಣಿವೆಯನ್ನು ಸಿಂಗಳೀಕ ಅಭಯಾರಣ್ಯವೆಂದು ಘೋಷಿಸಲಾಯಿತು. ಅದರೊಳಗೇ 2000 ಮೆಗಾವಾಟ್‌ನ ಭೂಗತ ವಿದ್ಯುತ್ ಯೋಜನೆಯನ್ನೂ ರೂಪಿಸಲಾಯಿತು. ಉಪ್ಪಾಗೆ ಹಣ್ಣು ಸಿಂಗಳೀಕದ ಆಹಾರ, ಕಾಡಂಚಿನ ಕುಟುಂಬಕ್ಕೆ ಮಳೆಗಾಲದ ನಾಲ್ಕು ಕಾಸು. ಮೊದಲು ‘ಬಿಡು’ ಎಂದು ಹೇಳಿಸಿಕೊಳ್ಳುವುದು ಆ ಕುಟುಂಬ. ದೂರದ ಊರುಗಳಲ್ಲಿ ಯಾರೂ ಒಂದು ದೀಪವನ್ನೂ ಆರಿಸಬೇಕಾಗುವುದಿಲ್ಲ. ತಳ್ಳಿದ ಕೈಗಳು ಹಲವು, ಅವುಗಳ ಬಲವೂ ಒಂದೇ ಸಮ ಇರಲಿಲ್ಲ. ಎತ್ತುವ ಭಾರವನ್ನು ಆ ಲೆಕ್ಕದಲ್ಲೇ ಹಂಚಬೇಕು. ಅಲ್ಲಿಯವರೆಗೆ ಕಾಡಂಚಿನವರಿಗೆ ಪ್ರಕೃತಿಪ್ರೇಮದ ಪಾಠ ಹೇಳುವ ಅಧಿಕಾರ ನಮಗಿಲ್ಲ.