ವಿಧಿಸಿದ ಪಥ್ಯವು ತಪಸ್ಸಾಗಬಲ್ಲುದೆ?

ಮಧುಮೇಹ ಮತ್ತು ಪಿತ್ತಕೋಶದ ಕಲ್ಲು, ಇವೆರಡೂ ಒಂದೇ ದೇಹದಲ್ಲಿ ಕೂಡಿಬಂದಾಗ ರೋಗಿಯ ಊಟದಿಂದ ಸಿಹಿ, ತುಪ್ಪ, ಕರಿದ ತಿಂಡಿ, ಹೊಟ್ಟೆ ತುಂಬುವಷ್ಟು ಅನ್ನ ಇವೆಲ್ಲ ಒಂದೊಂದಾಗಿ ಹೊರಗೆ ಹೋಗುತ್ತವೆ. ಕಾರಣ ತಿಳಿಯದವರ ಕಣ್ಣಿಗೆ ಇಂಥವನ ಊಟಕ್ಕೂ ವ್ರತನಿಷ್ಠನ ಊಟಕ್ಕೂ ಹೆಚ್ಚಿನ ವ್ಯತ್ಯಾಸ ಕಾಣದು. ಇಬ್ಬರೂ ಮದುವೆಮನೆಯ ಪಂಕ್ತಿಯಲ್ಲಿ ಕುಳಿತು ಹೋಳಿಗೆ ಬಡಿಸಲು ಬಂದವರಿಗೆ ಕೈ ಅಡ್ಡ ಹಿಡಿಯುವವರೇ. ಆದರೆ ಒಬ್ಬನು ಬಿಟ್ಟದ್ದು ಸಂಕಲ್ಪದಿಂದ, ಇನ್ನೊಬ್ಬನು ಬಿಟ್ಟದ್ದು ನೋವಿನ ಭಯದಿಂದ ಮತ್ತು ವೈದ್ಯನ ಮಾತಿನಿಂದ. ಹಾಗಿರುವಾಗ ಎರಡನೆಯವನ ಸಂಯಮಕ್ಕೆ ಧಾರ್ಮಿಕವಾದ ಬೆಲೆ ಏನಾದರೂ ಉಂಟೆ, ಅಥವಾ ಅದು ಕೇವಲ ಚಿಕಿತ್ಸೆಯ ಒಂದು ಭಾಗವೆ ಎಂಬ ಪ್ರಶ್ನೆ ಏಳುತ್ತದೆ. ರೋಗಿಯು ಶ್ರದ್ಧಾವಂತನೂ ಆಗಿದ್ದು, ಮನೆತನದಲ್ಲಿ ನಡೆದುಬಂದ ಏಕಾದಶಿಯನ್ನು ಕಾಯಿಲೆಯ ದೆಸೆಯಿಂದ ಬಿಡಬೇಕಾಗಿ ಬಂದಾಗ ಈ ಪ್ರಶ್ನೆ ಅವನನ್ನು ನಿಜವಾಗಿ ಕಾಡತೊಡಗುತ್ತದೆ.

ಪ್ರಶ್ನೆಯನ್ನು ಬಿಡಿಸುವ ಮೊದಲು ದೇಹದಲ್ಲಿ ನಡೆಯುವುದೇನೆಂಬುದನ್ನು ಅರಿಯಬೇಕು. ಏಕೆಂದರೆ ಇಲ್ಲಿ ಧರ್ಮಸಂಕಟವು ಹುಟ್ಟುವುದೇ ದೇಹದ ಕ್ರಮದಿಂದ. ಯಕೃತ್ತು ಸ್ರವಿಸುವ ಪಿತ್ತರಸವನ್ನು ಎರಡು ಊಟಗಳ ನಡುವಣ ಹೊತ್ತಿನಲ್ಲಿ ಕೂಡಿಟ್ಟು, ಅದರ ನೀರಿನಂಶವನ್ನು ಹೀರಿ ಗಟ್ಟಿಗೊಳಿಸುವ ಚಿಕ್ಕ ಚೀಲವೇ ಪಿತ್ತಕೋಶ. ಅದರಲ್ಲಿ ಹಿಡಿಯುವುದು ಸುಮಾರು 30ರಿಂದ 50 ಮಿಲಿಲೀಟರ್ ಮಾತ್ರ. ಉಂಡ ಅನ್ನದಲ್ಲಿನ ಜಿಡ್ಡು ಸಣ್ಣ ಕರುಳಿನ ಮೊದಲ ಭಾಗವನ್ನು ಮುಟ್ಟಿದಾಗ, ಅಲ್ಲಿಂದ ಕೊಲೆಸಿಸ್ಟೊಕೈನಿನ್ ಎಂಬ ಹಾರ್ಮೋನು ಹೊರಟು ಪಿತ್ತಕೋಶವನ್ನು ಸಂಕೋಚಗೊಳಿಸುತ್ತದೆ, ಪಿತ್ತರಸವು ನಾಳದ ಮೂಲಕ ಕರುಳಿಗೆ ಇಳಿದು ಜಿಡ್ಡನ್ನು ಕರಗಿಸಲು ನೆರವಾಗುತ್ತದೆ. ಕೋಶದ ಬಾಯಲ್ಲಿ ಕಲ್ಲೊಂದು ಸಿಕ್ಕಿಕೊಂಡಿದ್ದರೆ ಅದೇ ಸಂಕೋಚವು ಬಲ ಪಕ್ಕೆಯ ಕೆಳಗೆ ಆರಂಭವಾಗಿ ಬೆನ್ನಿಗೂ ಭುಜಕ್ಕೂ ಹರಡುವ, ಗಂಟೆಗಟ್ಟಲೆ ನಿಲ್ಲುವ ನೋವಾಗುತ್ತದೆ. ಬೊಜ್ಜು ಮತ್ತು ಇನ್ಸುಲಿನ್ನಿಗೆ ದೇಹವು ಸರಿಯಾಗಿ ಓಗೊಡದ ಸ್ಥಿತಿ ಎರಡೂ ಕಾಯಿಲೆಗಳ ಬೇರಿನಲ್ಲಿರುವುದರಿಂದ ಮಧುಮೇಹಿಗಳಲ್ಲಿ ಪಿತ್ತದ ಕಲ್ಲು ಇತರರಿಗಿಂತ ಹೆಚ್ಚಾಗಿ ಕಂಡುಬರುತ್ತದೆ. ಬಹುಕಾಲದ ಮಧುಮೇಹದಿಂದ ನರಗಳು ಸೊರಗಿದಾಗ ಪಿತ್ತಕೋಶವು ಪೂರ್ತಿಯಾಗಿ ಬರಿದಾಗುವುದೂ ಇಲ್ಲ.

ಈ ಎರಡು ಕಾಯಿಲೆಗಳ ಪಥ್ಯವು ಒಂದನ್ನೊಂದು ಎದುರುಬದುರಾಗಿ ಎಳೆಯುತ್ತದೆಂಬುದೇ ಇಲ್ಲಿನ ತೊಡಕು. ಜಿಡ್ಡಿಗೆ ಹೆದರಿದವನು ಅನ್ನ, ಅವಲಕ್ಕಿ, ಬ್ರೆಡ್ಡುಗಳತ್ತ ಸರಿಯುತ್ತಾನೆ, ರಕ್ತದ ಸಕ್ಕರೆ ಏರುತ್ತದೆ. ಸಕ್ಕರೆಗೆ ಹೆದರಿದವನು ಅನ್ನವನ್ನು ಕಡಿಮೆ ಮಾಡಿ ಕಡಲೆಕಾಯಿ, ಕೊಬ್ಬರಿ, ಪನೀರುಗಳಿಂದ ಹಸಿವನ್ನು ತಣಿಸಲು ಹೋಗುತ್ತಾನೆ, ಪಕ್ಕೆ ಹಿಡಿದುಕೊಳ್ಳುತ್ತದೆ. ಜಿಡ್ಡನ್ನು ಸಂಪೂರ್ಣವಾಗಿ ತೊರೆದರೂ ಒಳಿತಿಲ್ಲ. ಪಿತ್ತಕೋಶಕ್ಕೆ ಸಂಕೋಚಗೊಳ್ಳುವ ಕಾರಣವೇ ಇಲ್ಲವಾಗಿ ಪಿತ್ತರಸವು ನಿಂತು ಕೆಸರುಗಟ್ಟುತ್ತದೆ. ಆದುದರಿಂದ ಉಳಿಯುವ ದಾರಿ ಒಂದೇ: ಹೊತ್ತು ತಪ್ಪದ ಸಣ್ಣ ಊಟಗಳು, ಪ್ರತಿ ಊಟದಲ್ಲೂ ಒಗ್ಗರಣೆಗೆ ಸಾಕಾಗುವಷ್ಟೇ ಎಣ್ಣೆ, ಅನ್ನಕ್ಕಿಂತ ಹೆಚ್ಚು ಪಲ್ಯ, ದಿನವೂ ಬೇಳೆಕಾಳು, ಮುದ್ದೆಯಾದರೂ ಅಳತೆಯ ಮುದ್ದೆ. ರಾಗಿಯಾದರೆ ಎಷ್ಟು ಉಂಡರೂ ಸಕ್ಕರೆ ಏರದೆಂಬ ನಂಬಿಕೆಯು ಹಿತವಾದದ್ದೇ ಹೊರತು ನಿಜವಾದದ್ದಲ್ಲ. ಇಲ್ಲಿ ಬೇಕಾಗುವುದು ವಿರಳವಾಗಿ ಕೈಗೊಳ್ಳುವ ಕಠಿಣ ತ್ಯಾಗವಲ್ಲ, ದಿನಕ್ಕೆ ನಾಲ್ಕೈದು ಬಾರಿ ಮರುಕಳಿಸುವ ಮಿತಿ.

ಏಕಾದಶಿಯ ವಿಧಿಯನ್ನು ಈ ಹಿನ್ನೆಲೆಯಲ್ಲಿಟ್ಟು ನೋಡಬೇಕು. ಕಟ್ಟುನಿಟ್ಟಾದ ಕ್ರಮದಲ್ಲಿ ದಶಮಿಯ ರಾತ್ರಿಯ ಊಟ, ಏಕಾದಶಿಯ ಎರಡು ಊಟ, ದ್ವಾದಶಿಯ ರಾತ್ರಿಯ ಊಟ, ಹೀಗೆ ನಾಲ್ಕನ್ನು ಬಿಡಬೇಕು. ಅಂದರೆ ದಶಮಿಯ ಮಧ್ಯಾಹ್ನದಿಂದ ದ್ವಾದಶಿಯ ಬೆಳಗಿನ ಪಾರಣೆಯವರೆಗೆ ಸುಮಾರು 40 ಗಂಟೆಗಳ ಕಾಲ ಹೊಟ್ಟೆಗೆ ಆಹಾರವಿಲ್ಲ. ಮಧ್ವಾಚಾರ್ಯರು ತಮ್ಮ ಕೃಷ್ಣಾಮೃತಮಹಾರ್ಣವದಲ್ಲಿ ಈ ಉಪವಾಸದ ಮಹಿಮೆಯನ್ನು ವಿಸ್ತರಿಸಿದ್ದಾರೆ, ಮಾಧ್ವ ಮನೆತನಗಳಲ್ಲಿ ಅದು ಇಂದಿಗೂ ನೀರನ್ನೂ ಮುಟ್ಟದ ಕಟ್ಟಳೆಯಾಗಿ ನಡೆಯುವುದುಂಟು. ಸಕ್ಕರೆಯನ್ನು ಇಳಿಸುವ ಗ್ಲಿಮಿಪಿರೈಡ್‌ನಂಥ ಮಾತ್ರೆಯನ್ನೋ ಇನ್ಸುಲಿನ್ನನ್ನೋ ತೆಗೆದುಕೊಳ್ಳುವವನು ವೈದ್ಯನನ್ನು ಕೇಳದೆ ಇದನ್ನು ಆಚರಿಸಿದರೆ ಸಕ್ಕರೆಯು ಅಪಾಯದ ಮಟ್ಟಕ್ಕೆ ಕುಸಿಯಬಹುದು. ಮಾತ್ರೆಯನ್ನು ತಾನಾಗಿಯೇ ಬಿಟ್ಟರೆ ಅದಕ್ಕೆ ಅದರದೇ ಕೇಡುಂಟು. ಪಿತ್ತಕೋಶದ ಮಟ್ಟಿಗೆ ಉಪವಾಸಕ್ಕಿಂತ ಪಾರಣೆಯೇ ಹೆಚ್ಚಿನ ಪರೀಕ್ಷೆ: ಅಷ್ಟು ಹೊತ್ತು ತುಂಬಿ ನಿಂತ ಕೋಶದ ಮೇಲೆ ಸೂರ್ಯೋದಯದ ವೇಳೆಗೆ ತುಪ್ಪ ಸುರಿದ ಅನ್ನವೂ ಪಾಯಸವೂ ಒಮ್ಮೆಲೇ ಬಂದಾಗ ಅದು ತನ್ನೆಲ್ಲ ಬಲದಿಂದ ಸಂಕೋಚಗೊಳ್ಳುತ್ತದೆ. ಅಗಸೆ ಸೊಪ್ಪಿನ ಪಲ್ಯ ಮತ್ತು ನೆಲ್ಲಿಕಾಯಿಯ ತಂಬುಳಿಯನ್ನು ದ್ವಾದಶಿಗೆ ಗೊತ್ತುಮಾಡಿದ ಹಿರಿಯರಿಗೆ ಬರಿಹೊಟ್ಟೆಯ ಸ್ವಭಾವ ತಿಳಿದಿತ್ತೆನ್ನಬೇಕು. ಅವುಗಳ ಪಕ್ಕದಲ್ಲಿ ಭಕ್ಷ್ಯಗಳ ಸಾಲನ್ನು ಬೆಳೆಸಿದವರಿಗೆ ತಿಳಿದಿತ್ತೆನ್ನಲಾಗದು. ಚಾತುರ್ಮಾಸ್ಯದ ನಿಯಮಗಳದ್ದು ಬೇರೊಂದು ತೊಡಕು. ಮೊದಲ ತಿಂಗಳಿನ ಶಾಕವ್ರತದಲ್ಲಿ ತರಕಾರಿಯೂ ಕೊನೆಯ ತಿಂಗಳಿನ ದ್ವಿದಳವ್ರತದಲ್ಲಿ ಬೇಳೆಕಾಳೂ ವರ್ಜ್ಯವಾಗುವುದರಿಂದ, ಮಧುಮೇಹಿಗೆ ಅತ್ಯಗತ್ಯವಾದ ಪದಾರ್ಥಗಳೇ ಹೋಗಿ ಅನ್ನವೇ ಮುಖ್ಯವಾಗಿ ಉಳಿಯುತ್ತದೆ.

ಧರ್ಮಶಾಸ್ತ್ರವು ಇಂಥ ಸಂದರ್ಭಗಳನ್ನು ಕಾಣದೆ ಹೋಗಿಲ್ಲ. ಏಕಾದಶಿಯ ಕಡ್ಡಾಯವು ಎಂಟು ವರ್ಷ ದಾಟಿ ಎಂಬತ್ತು ತುಂಬದವರಿಗೆ ಮಾತ್ರ ಎಂಬ ಮಾತಿದೆ. ಪೂರ್ಣ ಉಪವಾಸವಾಗದವನಿಗೆ ಹಗಲಲ್ಲಿ ಒಮ್ಮೆ ಉಣ್ಣುವ ಏಕಭುಕ್ತ, ರಾತ್ರಿ ಮಾತ್ರ ಉಣ್ಣುವ ನಕ್ತ ಎಂಬ ಕೆಳಗಿನ ಮೆಟ್ಟಿಲುಗಳಿವೆ. ಪತ್ನಿಯೋ ಮಗನೋ ಪ್ರತಿನಿಧಿಯಾಗಿ ವ್ರತವನ್ನು ನಡೆಸಲು ಅವಕಾಶವಿದೆ. ನೀರು, ಗೆಡ್ಡೆ, ಹಣ್ಣು, ಹಾಲು ಮೊದಲಾದ ಎಂಟು ವಸ್ತುಗಳಿಂದ ವ್ರತವು ಕೆಡದೆಂದು ಹೇಳುವ ಮಹಾಭಾರತದ ಪ್ರಸಿದ್ಧ ಶ್ಲೋಕದಲ್ಲಿ ಕೊನೆಯದಾಗಿ ಬರುವುದು ಔಷಧ. ಇಸ್ಲಾಮಿನಲ್ಲಿಯೂ ರಮಜಾನಿನ ಉಪವಾಸದಿಂದ ರೋಗಿಗೆ ಕುರಾನಿನ ಎರಡನೆಯ ಸೂರಾದಲ್ಲೇ ವಿನಾಯಿತಿ ಇದೆ. ಆದರೆ ವಿನಾಯಿತಿಯೆಂಬುದು ಅರ್ಧ ಉತ್ತರ ಮಾತ್ರ. ಉಪವಾಸ ಮಾಡದಿದ್ದರೆ ದೋಷವಿಲ್ಲವೆಂದು ಅದು ಹೇಳುತ್ತದೆ. ಉಳಿದ ದಿನಗಳಲ್ಲಿ ರೋಗಿಯು ನಡೆಸುವ ಸಂಯಮವು ಏನೆಂಬುದನ್ನು ಅದು ಹೇಳುವುದಿಲ್ಲ.

ಆ ಪ್ರಶ್ನೆಗೆ ಹೆಚ್ಚು ನೆರವಾಗುವುದು ಜೈನರ ವಿಂಗಡಣೆ. ಉಮಾಸ್ವಾತಿಯ ತತ್ತ್ವಾರ್ಥಸೂತ್ರವು ಬಾಹ್ಯ ತಪಸ್ಸನ್ನು, ಎಂದರೆ ಹೊರಗೆ ಕಾಣುವ ದೇಹಸಂಬಂಧದ ತಪಸ್ಸನ್ನು, ಆರು ಬಗೆಯಾಗಿ ಎಣಿಸುತ್ತದೆ. ಊಟವನ್ನು ಸಂಪೂರ್ಣವಾಗಿ ಬಿಡುವ ಅನಶನವು ಅವುಗಳಲ್ಲಿ ಒಂದೇ ಒಂದು; ಹಸಿವಿಗಿಂತ ಕಡಿಮೆ ಉಣ್ಣುವ ಅವಮೌದರ್ಯವೂ ರುಚಿಯ ಪದಾರ್ಥಗಳನ್ನು ತೊರೆಯುವ ರಸಪರಿತ್ಯಾಗವೂ ಅದರ ಜೊತೆಗೇ ನಿಲ್ಲುವ ಸ್ವತಂತ್ರ ತಪಸ್ಸುಗಳು. ಹಾಲು, ಮೊಸರು, ತುಪ್ಪ, ಎಣ್ಣೆ, ಬೆಲ್ಲ ಅಥವಾ ಸಕ್ಕರೆ, ಉಪ್ಪು ಇವನ್ನು ರಸಗಳೆಂದು ಹೇಳುವ ಪರಂಪರೆಯನ್ನು ನೋಡಿದರೆ, ತುಪ್ಪ, ಎಣ್ಣೆ, ಸಕ್ಕರೆಗಳನ್ನು ಮಿತಿಗೊಳಿಸಿದ ರೋಗಿಯ ತಟ್ಟೆಗೂ ರಸಪರಿತ್ಯಾಗಿಯ ತಟ್ಟೆಗೂ ಇರುವ ಹೋಲಿಕೆ ಆಶ್ಚರ್ಯ ತರುವಂಥದು. ಈ ಕಾಯಿಲೆಗಳು ಅವನಿಗೆ ಮುಚ್ಚಿದ್ದು ಅನಶನದ ಬಾಗಿಲನ್ನು ಮಾತ್ರ. ಪಕ್ಕದ ಎರಡು ಬಾಗಿಲುಗಳು ತೆರೆದೇ ಇವೆ, ಮತ್ತು ಅವುಗಳ ಮೂಲಕ ಅವನು ಆಗಲೇ ದಿನವೂ ಓಡಾಡುತ್ತಿದ್ದಾನೆ.

ಇಷ್ಟಕ್ಕೇ ಸಮಾಧಾನಪಟ್ಟುಕೊಳ್ಳಲು ಅದೇ ಗ್ರಂಥವು ಬಿಡುವುದಿಲ್ಲ. ಕರ್ಮವು ಆತ್ಮದಿಂದ ಕಳಚಿಕೊಳ್ಳುವುದನ್ನು ನಿರ್ಜರೆ ಎನ್ನುತ್ತಾರೆ. ಸೆರೆಯಲ್ಲಿರುವವನು ಹಸಿವನ್ನು ತಾಳುವಂತೆ, ಇಚ್ಛೆಯಿಲ್ಲದೆ ಅನಿವಾರ್ಯವಾಗಿ ಸಹಿಸಿದ ಕಷ್ಟದಿಂದ ಆಗುವುದನ್ನು ಅಕಾಮನಿರ್ಜರೆ ಎನ್ನುತ್ತಾರೆ. ತತ್ತ್ವಾರ್ಥಸೂತ್ರವು ಅದನ್ನು ನಿಷ್ಫಲವೆಂದು ತಳ್ಳದೆ, ದೇವಗತಿಯ ಆಯುಷ್ಯಕ್ಕೆ ಕಾರಣವಾಗುವವುಗಳ ಸಾಲಿನಲ್ಲಿ, ಅರಿವಿಲ್ಲದವರ ತಪಸ್ಸಾದ ಬಾಲತಪದ ಜೊತೆಗೆ ಇರಿಸುತ್ತದೆ. ಬಲವಂತದ ಸಂಯಮಕ್ಕೂ ಒಂದು ಫಲವುಂಟು, ಆದರೆ ಅದು ಬಿಡುಗಡೆಯ ಫಲವಲ್ಲ ಎಂಬುದು ಇದರ ತಾತ್ಪರ್ಯ. ಈ ತೀರ್ಪಿನ ಸೂಕ್ಷ್ಮತೆಯನ್ನು ಗಮನಿಸಬೇಕು: ನಾಲಗೆಯಲ್ಲಿ ಹೋಳಿಗೆಯನ್ನು ಮೆಲುಕು ಹಾಕುತ್ತ, ಕಾಯಿಲೆಯನ್ನು ಶಪಿಸುತ್ತ ಪಥ್ಯ ನಡೆಸುವವನನ್ನು ಅದು ತಪಸ್ವಿ ಎನ್ನುವುದಿಲ್ಲ, ಅವನು ಪಟ್ಟ ಕಷ್ಟವನ್ನು ಸೊನ್ನೆಯೆಂದೂ ಎಣಿಸುವುದಿಲ್ಲ.

ಭಗವದ್ಗೀತೆಯು ಇದೇ ಪ್ರಶ್ನೆಯನ್ನು ಬೇರೆ ಕಡೆಯಿಂದ ಮುಟ್ಟುತ್ತದೆ. ಅತಿಯಾಗಿ ಉಣ್ಣುವವನಿಗೂ ಏನನ್ನೂ ಉಣ್ಣದವನಿಗೂ ಯೋಗವು ಸಿದ್ಧಿಸದೆಂದು ಆರನೆಯ ಅಧ್ಯಾಯ ಹೇಳುತ್ತದೆ. ಶಾಸ್ತ್ರವು ವಿಧಿಸದ ಘೋರ ತಪಸ್ಸಿನಿಂದ ದೇಹವನ್ನೂ ಅದರೊಳಗಿರುವ ಭಗವಂತನನ್ನೂ ಬಾಧಿಸುವವರ ನಿಶ್ಚಯವು ಆಸುರವಾದುದೆಂದು ಹದಿನೇಳನೆಯದು ಹೇಳುತ್ತದೆ. ಸಕ್ಕರೆ ಕುಸಿದು ಬೆವರು ಕಿತ್ತು ಕೈ ನಡುಗುತ್ತಿದ್ದರೂ ವ್ರತಭಂಗವಾದೀತೆಂದು ಒಂದು ಚಮಚ ಸಕ್ಕರೆಯನ್ನು ಬಾಯಿಗೆ ಹಾಕಿಕೊಳ್ಳದವನ ನಿಷ್ಠೆಯು ಈ ಎರಡನೆಯ ಮಾತಿಗೆ ಅಪಾಯಕರವಾಗಿ ಹತ್ತಿರ ಬರುತ್ತದೆ. ಇಂಥ ಹಟದಲ್ಲಿ ಭಕ್ತಿಯ ಜೊತೆಗೆ ಅಹಂಕಾರದ ಪಾಲೂ ಇರುವುದುಂಟು, ಏಕೆಂದರೆ ಉಪವಾಸವು ನಾಲ್ವರಿಗೆ ಕಾಣುತ್ತದೆ, ಅರ್ಧ ಮುದ್ದೆಗೆ ಕೈ ನಿಲ್ಲಿಸಿದ್ದು ಯಾರಿಗೂ ಕಾಣುವುದಿಲ್ಲ. ಮೂವತ್ತು ವರ್ಷ ಏಕಾದಶಿಯನ್ನು ಬಿಡದೆ ನಡೆಸಿದ ವೃದ್ಧೆಗೆ ಇಂದು ಬೇಳೆಯ ತೊವ್ವೆಯೊಡನೆ ಒಂದು ಹಿಡಿ ಅನ್ನವನ್ನು ಉಣ್ಣಬೇಕಾಗಿ ಬಂದರೆ, ಆ ಊಟವೇ ಅವಳ ಪಾಲಿಗೆ ಉಪವಾಸಕ್ಕಿಂತ ಕಠಿಣವಾದ ತ್ಯಾಗವಾಗಿರುತ್ತದೆ.

ಬಲವಂತವು ಒಪ್ಪಿಗೆಯಾಗಿ ಮಾರ್ಪಡುವ ಬಗೆಯನ್ನು ಕುರಿತು ಶರಣರ ಪ್ರಸಾದತತ್ತ್ವವು ಹೆಚ್ಚು ಹೇಳಬಲ್ಲುದು. ಷಟ್‌ಸ್ಥಲಗಳೆಂಬ ಆರು ಹಂತಗಳಲ್ಲಿ ಮೂರನೆಯದಾದ ಪ್ರಸಾದಿಸ್ಥಲದಲ್ಲಿ ಪದಾರ್ಥವು ಲಿಂಗಕ್ಕೆ ಅರ್ಪಿತವಾಗಿ ಪ್ರಸಾದವಾಗುತ್ತದೆ; ಅಲ್ಲಿ ಲೆಕ್ಕಕ್ಕೆ ಬರುವುದು ಉಂಡ ಪ್ರಮಾಣವಲ್ಲ, ಅರ್ಪಿಸುವಾಗಿನ ಅವಧಾನ, ಎಂದರೆ ತುತ್ತು ತುತ್ತಿನಲ್ಲೂ ತಪ್ಪದ ಎಚ್ಚರ. ಅಳೆದು ಉಣ್ಣಬೇಕಾದ ರೋಗಿಗೆ ಎಚ್ಚರವು ಹೇಗೂ ಅನಿವಾರ್ಯವೇ. ಅದನ್ನು ಭಯದ ಎಚ್ಚರವಾಗಿ ಉಳಿಸಿಕೊಳ್ಳುವುದೋ ಅರ್ಪಣೆಯ ಎಚ್ಚರವಾಗಿಸುವುದೋ ಎಂಬುದಷ್ಟೇ ಅವನ ಕೈಯಲ್ಲಿದೆ. ಪ್ರಸಾದವನ್ನು ಬೇಡವೆನ್ನಬಾರದೆಂಬ ನೆವದಿಂದ ದೇವಸ್ಥಾನದ ಲಾಡುವನ್ನು ಇಡಿಯಾಗಿ ಮುಗಿಸುವವರೂ ಉಂಟು. ಅಂಥವರಿಗೆ ಸಿಹಿಯ ಮೇಲಿರುವಷ್ಟು ಭಕ್ತಿ ದೇವರ ಮೇಲಿದೆಯೆ ಎಂದು ಕೇಳಬಹುದು. ಕಣದಷ್ಟು ತೆಗೆದುಕೊಂಡರೂ ಪ್ರಸಾದವು ಪೂರ್ಣವೇ.

ಬಲವಂತಕ್ಕೂ ಒಪ್ಪಿಗೆಗೂ ಇರುವ ಅಂತರವನ್ನು ಮಾತಿನಲ್ಲಿ ಗುರುತಿಸುವುದು ಸುಲಭ, ಒಬ್ಬನ ಬದುಕಿನಲ್ಲಿ ಗುರುತಿಸುವುದು ಕಷ್ಟ; ಆದರೆ ಪಿತ್ತಕೋಶದ ಕಾಯಿಲೆಯು ಅದಕ್ಕೊಂದು ಅಪರೂಪದ ಅವಕಾಶವನ್ನು ಒದಗಿಸುತ್ತದೆ. ನೋವು ಮತ್ತೆ ಮತ್ತೆ ಬಂದಾಗ ಶಸ್ತ್ರಕ್ರಿಯೆಯಿಂದ ಆ ಕೋಶವನ್ನೇ ತೆಗೆದುಬಿಡುತ್ತಾರೆ. ಅನಂತರ ಪಿತ್ತರಸವು ಯಕೃತ್ತಿನಿಂದ ನೇರವಾಗಿ ಕರುಳಿಗೆ ಇಳಿಯುತ್ತದೆ, ಕೆಲವು ವಾರಗಳಲ್ಲಿ ಹೆಚ್ಚಿನವರಿಗೆ ಜಿಡ್ಡಿನ ಊಟವೂ ಒಗ್ಗುತ್ತದೆ. ಮಧುಮೇಹದ ಕಟ್ಟು ಹಾಗೆಯೇ ಉಳಿದರೂ ತುಪ್ಪದ ಮೇಲಿನ ನೋವಿನ ಕಾವಲು ಅಂದಿಗೆ ಮುಗಿಯುತ್ತದೆ. ವರ್ಷಗಟ್ಟಲೆ ಅನ್ನದ ಮೇಲೆ ತುಪ್ಪ ಬೇಡವೆಂದವನು, ಅದು ಇನ್ನು ನೋಯಿಸದೆಂದು ತಿಳಿದ ಬಳಿಕ ಬಡಿಸಲು ಬಂದವರಿಗೆ ಏನು ಹೇಳುತ್ತಾನೆಂಬುದರಿಂದ ಅವನ ಹಿಂದಿನ ತ್ಯಾಗವು ಯಾವ ಬಗೆಯದಾಗಿತ್ತೆಂಬುದು ಅವನಿಗಾದರೂ ತಿಳಿಯುತ್ತದೆ.