ಚೌಕ ಪ್ರಭಾವಳಿಯ ತಾಯಿ

ರೋಮಿಗೆ ಹೋಗಿಬಂದ ತಂಗಿಯ ಮಗಳು ನನಗೊಂದು ಚಿತ್ರದ ಕಾರ್ಡು ತಂದುಕೊಟ್ಟಳು. "ದೊಡ್ಡಮ್ಮಾ, ನೋಡು, ಸಾವಿರದ ಇನ್ನೂರು ವರ್ಷದ ಹಿಂದೆ ಹೆಂಗಸೂ ಬಿಷಪ್ ಆಗಿದ್ದಳಂತೆ!" ಎಂದಳು.

ಅದು ಸಾಂತಾ ಪ್ರಾಸೆದೆ ಚರ್ಚಿನೊಳಗೆ ಸಂತ ಜೀನೋ ಹೆಸರಿನಲ್ಲಿರುವ ಪುಟ್ಟ ಪ್ರಾರ್ಥನಾ ಮಂದಿರದ ಚಿತ್ರ. ಕ್ರಿ.ಶ. 817ರಿಂದ 824ರವರೆಗೆ ಪೋಪ್ ಆಗಿದ್ದ ಮೊದಲನೆಯ ಪಾಸ್ಕಲ್ ಕಟ್ಟಿಸಿದ್ದು. ಬಣ್ಣದ ಗಾಜಿನ ಚೂರುಗಳನ್ನು ಕೂಡಿಸಿ ಮಾಡಿದ ಮೊಸಾಯಿಕ್. ನಾಲ್ವರು ಹೆಂಗಸರು ಸಾಲಾಗಿ ನಮ್ಮತ್ತಲೇ ನೋಡುತ್ತಾರೆ. ಮಾತೆ ಮರಿಯಳಿಗೂ ಇಬ್ಬರು ಸಂತ ಸ್ತ್ರೀಯರಿಗೂ ತಲೆಯ ಹಿಂದೆ ದುಂಡನೆಯ ಪ್ರಭಾವಳಿ. ನಾಲ್ಕನೆಯವಳದು ಮಾತ್ರ ಚೌಕ. ಚೌಕವೆಂದರೆ ಚಿತ್ರ ಮಾಡುವಾಗ ಆಕೆ ಬದುಕಿದ್ದಳು ಎಂದು ವಿದ್ವಾಂಸರು ಸಾಮಾನ್ಯವಾಗಿ ಅರ್ಥ ಮಾಡುತ್ತಾರೆ. ಪಕ್ಕದಲ್ಲಿ ಅಕ್ಷರಗಳಿವೆ: ಥಿಯೊಡೋರಾ ಎಪಿಸ್ಕೋಪಾ. ಆಕೆ ಪಾಸ್ಕಲನ ತಾಯಿ.

ಎಪಿಸ್ಕೋಪಸ್ ಎಂದರೆ ಬಿಷಪ್. ಎಪಿಸ್ಕೋಪಾ ಅದರ ಸ್ತ್ರೀರೂಪ. ಅಷ್ಟು ತಿಳಿದದ್ದೇ ನನಗೆ ಹಿಗ್ಗೋ ಹಿಗ್ಗು. ಕಾರ್ಡನ್ನು ಶೋಕೇಸಿನಲ್ಲಿಟ್ಟೆ. ಬಂದವರಿಗೆಲ್ಲ ತೋರಿಸಿದೆ.

ಆಮೇಲೆ ಈ ಕುರಿತು ಓದತೊಡಗಿದಾಗ ಹಿಗ್ಗು ತುಸು ತಗ್ಗಿತು. ಆಕೆ ಬಿಷಪ್ಪೇ ಆಗಿದ್ದಳೆಂದು ಕೆಲವರು ವಾದಿಸುತ್ತಾರೆ. ಪೋಪನ ತಾಯಿಯೆಂದು ಕೊಟ್ಟ ಗೌರವದ ಬಿರುದು ಎನ್ನುವವರು ಹಲವರು. 567ರಲ್ಲಿ ತೂರ್ ನಗರದಲ್ಲಿ ಸೇರಿದ ಧರ್ಮಸಭೆ ಬಿಷಪ್ಪನ ಹೆಂಡತಿಗೆ ಇಂಥದೇ ಪದ ಬಳಸಿದೆ. ಆದರೆ ಪೋಪರ ಚರಿತ್ರೆ ಹೇಳುವ ಹಳೆಯ ಗ್ರಂಥ ಪಾಸ್ಕಲನ ತಂದೆಯ ಹೆಸರು ಬೊನೋಸುಸ್ ಎಂದಷ್ಟೇ ಹೇಳುತ್ತದೆ, ಪದವಿ ಹೇಳುವುದಿಲ್ಲ. ಗೋಡೆಯ ಮೇಲಿರುವುದು ಒಂದು ಮುಖ, ಒಂದು ಹೆಸರು, ಒಂದು ಪದ. ಅದಕ್ಕಿಂತ ಮುಂದಿನದೆಲ್ಲ ನಾವು ಸೇರಿಸಿದ್ದು.

ಇದರಲ್ಲಿ ನಮಗೆ ಹೊಸತೇನಿದೆ ಹೇಳಿ? ನಮ್ಮೂರುಗಳಲ್ಲಿ ರೋಗಿಯ ನಾಡಿ ಹಿಡಿಯುವವಳೂ ಡಾಕ್ಟರಮ್ಮ, ಡಾಕ್ಟರ ಹೆಂಡತಿಯೂ ಡಾಕ್ಟರಮ್ಮ. ಸಾವಿರ ವರ್ಷ ಬಿಟ್ಟು ಬಂದವರು ಆ ಪದವೊಂದನ್ನೇ ಹಿಡಿದು ಯಾರು ಯಾರೆಂದು ಹೇಗೆ ಬೇರ್ಪಡಿಸಿಯಾರು?

ನನ್ನಮ್ಮನನ್ನು ಹಳ್ಳಿಯಲ್ಲಿ ಪೋಸ್ಟಮ್ಮ ಎನ್ನುತ್ತಿದ್ದರು. ನಮ್ಮ ಮನೆಯ ಜಗಲಿಯೇ ಅಂಚೆ ಕಚೇರಿ, ಅಪ್ಪ ಪೋಸ್ಟ್‌ಮಾಸ್ಟರು. ಅಮ್ಮ ಓದುಬಾರದ ಹೆಂಗಸರಿಗೆ ಕಾಗದ ಬರೆದುಕೊಡುತ್ತಿದ್ದಳು, ಬಂದ ಕಾಗದ ಓದಿ ಹೇಳುತ್ತಿದ್ದಳು, ಕೆಟ್ಟ ಸುದ್ದಿಯಿದ್ದರೆ ಮೊದಲು ನೀರು ಕುಡಿಸಿ ಆಮೇಲೆ ಓದುತ್ತಿದ್ದಳು. ನಾನು ಮೊಮ್ಮಕ್ಕಳಿಗೆ ಹೇಳಿದ್ದೇನು ಗೊತ್ತೇ? "ನಿಮ್ಮ ಮುತ್ತಜ್ಜಿ ಪೋಸ್ಟ್‌ಮಾಸ್ಟರ್ ಆಗಿದ್ದಳು." ಮಕ್ಕಳು ಕಣ್ಣರಳಿಸಿದ್ದು ನೋಡಿ, ಇಂಥ ಸುಳ್ಳಿನಿಂದ ಯಾರಿಗೇನು ನಷ್ಟವೆಂದು ಸುಮ್ಮನಾಗಿದ್ದೆ.

ಥಿಯೊಡೋರಾಳನ್ನು ನೋಡುತ್ತ ಆ ನಷ್ಟ ಯಾರದೆಂದು ಹೊಳೆಯಿತು. ಸತ್ತವರ ಮೇಲಿನ ಪ್ರೀತಿಯಿಂದಲೇ ಆದರೂ ಅವರನ್ನು ಇದ್ದದ್ದಕ್ಕಿಂತ ಎತ್ತರಿಸಬಹುದೇ? ಎತ್ತರಿಸಿದರೆ, ಅವಳು ನಿಜವಾಗಿ ಮಾಡಿದ್ದು ಸಾಲದೆಂದು ನಾವೇ ತೀರ್ಪು ಕೊಟ್ಟ ಹಾಗಲ್ಲವೇ? ಪೋಸ್ಟ್‌ಮಾಸ್ಟರ್ ಪದವಿ ಕೊಟ್ಟ ಗಳಿಗೆಯಲ್ಲೇ ಆ ನೀರಿನ ಲೋಟವನ್ನು ನಾನು ಅಮ್ಮನ ಕೈಯಿಂದ ಕಿತ್ತುಕೊಂಡಿದ್ದೆ.

ಹಾಗೆಂದು "ಬರೀ ತಾಯಿ, ಬರೀ ಹೆಂಡತಿ" ಎಂದು ಕೈ ತೊಳೆದುಕೊಳ್ಳುವವರ ಮಾತೂ ಸತ್ಯವಲ್ಲ. ಅದೇ ಚರ್ಚಿನ ಅಮೃತಶಿಲೆಯ ಶಾಸನವೊಂದು ಥಿಯೊಡೋರಾಳನ್ನು ಪೋಪನ ತಾಯಿ ಎನ್ನುತ್ತದೆ, ಎಪಿಸ್ಕೋಪಾ ಎಂದೂ ಕರೆಯುತ್ತದೆ. ತಾಯಿ ಎಂಬ ಮಾತೊಂದೇ ಸಾಕೆಂದು ಬರೆಸಿದವರಿಗೇ ಅನ್ನಿಸಲಿಲ್ಲ. ಆ ಇನ್ನೊಂದು ಪದವನ್ನು ಹಿಗ್ಗಿಸುವುದೂ ಒರೆಸುವುದೂ ನಮ್ಮ ಅನುಕೂಲಕ್ಕೇ. ಇದ್ದಷ್ಟನ್ನು ಇದ್ದ ಹಾಗೆ ಓದುವುದಕ್ಕೆ ಹೆಚ್ಚು ತಾಳ್ಮೆ ಬೇಕು; ಬಹುಶಃ ಹೆಚ್ಚು ಪ್ರೀತಿಯೂ ಬೇಕು.

ಕಾರ್ಡು ಈಗಲೂ ಶೋಕೇಸಿನಲ್ಲಿದೆ. ಯಾರಾದರೂ ಕೇಳಿದರೆ, ಅಲ್ಲಿ ಬರೆದದ್ದನ್ನು ಓದಿ, ಎರಡು ಪಕ್ಷದ ಮಾತನ್ನೂ ಹೇಳುತ್ತೇನೆ. ಮೊಮ್ಮಕ್ಕಳಿಗೂ ಹೇಳಿಬಿಟ್ಟೆ: "ಮುತ್ತಜ್ಜಿ ಪೋಸ್ಟ್‌ಮಾಸ್ಟರ್ ಆಗಿರಲಿಲ್ಲ ಕಣ್ರೋ, ನಾನು ಸುಳ್ಳು ಹೇಳಿದ್ದೆ." ಆಮೇಲೆ ನೀರಿನ ಲೋಟದ ಕತೆ ಹೇಳಿದೆ. ಚಿಕ್ಕವಳು ಬಹಳ ಹೊತ್ತು ಸುಮ್ಮನಿದ್ದು, "ಸಂತೋಷದ ಕಾಗದ ಬಂದರೆ ಏನು ಕೊಡ್ತಿದ್ರು?" ಎಂದು ಕೇಳಿದಳು.